ಯಾರ ಗೊಡವೆಗೂ ಹೋಗದ ಗಾಳಿ

ಇಲ್ಲಿ ಏನಾದ್ರೂ ಬರೆದು ನಾಲ್ಕು ತಿಂಗಳ ಮೇಲಾಯ್ತು. ರಿಲೀಸ್ ಇದೆ, ಕ್ಲೈಂಟ್ ಕಾಲ್ ಇದೆ ಅನ್ನೋ ಹಳೇ ನೆಪಗಳನ್ನ ಮತ್ತೆ ಹೇಳಲ್ಲ, ನೀವೂ ಅದನ್ನೇ ಹೇಳ್ತೀರ ಅಂತ ಗೊತ್ತು :-) ಆದ್ರೆ ಹೋದ ಭಾನುವಾರ ನಡೆದ ಒಂದು ಸಣ್ಣ ಘಟನೆ ತಲೆ ಒಳಗೆ ಕೊರೀತಾ ಇದೆ. ಬರೆದು ಇಳಿಸಿಕೊಂಡ್ರೆ ವಾಸಿ ಅನ್ನಿಸ್ತು.

ಅಕ್ಕನ ಮಗಳ ಐದನೇ ಹುಟ್ಟುಹಬ್ಬ. ಹಾಲಿನ ಸೂರಿಗೆ ತಾಗಿಕೊಂಡು ಮೂವತ್ತು ನಲವತ್ತು ಬಲೂನು, ಪ್ರತಿಯೊಂದರ ಬಾಲಕ್ಕೂ ಬಣ್ಣದ ರಿಬ್ಬನ್ನು. ಕೇಕ್ ಕತ್ತರಿಸಿ ಆದ್ಮೇಲೆ ಭಾವನ ತಮ್ಮ ಒಂದು ಬಲೂನ್ ಇಳಿಸಿ, ಬಾಯಿ ಬಿಚ್ಚಿ, ಒಳಗಿನ ಗಾಳೀನ ಜೋರಾಗಿ ಎಳೆದುಕೊಂಡು ಬಾತುಕೋಳಿ ಧ್ವನಿಯಲ್ಲಿ ಮಾತಾಡಿದ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. "ಮಾಮಾ ನಂಗೂ, ನಂಗೂ" ಅಂತ ಸುತ್ತುವರಿದವು. ಅವನು ಇನ್ನೊಂದು ಬಲೂನ್ ಇಳಿಸಿ ಪುಟ್ಟಿಯ ಬಾಯಿಯ ಹತ್ತಿರ ಹಿಡಿದ. ಆಗ ನಾನು ಕಿರುಚಿಬಿಟ್ಟೆ. ಎಷ್ಟು ಜೋರಾಗಿ ಅಂದ್ರೆ ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದ್ಲು. ಇಡೀ ಮನೆ ಸ್ತಬ್ಧ. ಪುಟ್ಟಿ ಅಳೋಕೆ ಶುರು ಮಾಡಿದಳು. ಹುಟ್ಟುಹಬ್ಬದ ಮನೇಲಿ ನಾನು ವಿಲನ್.

ಕಿರುಚಿದ್ದಕ್ಕೆ ಎರಡು ಕಾರಣ ಇತ್ತು. ಮೊದಲನೇದು ಸರಳ. ಬಲೂನಿನಲ್ಲಿರೋದು ಬರೀ ಹೀಲಿಯಂ, ಅದರಲ್ಲಿ ಆಕ್ಸಿಜನ್ ಇರಲ್ಲ. ಐದು ವರ್ಷದ ಮಗು ಅದನ್ನ ಎರಡು ಮೂರು ಸಲ ಎಳೆದುಕೊಂಡ್ರೆ ತಲೆ ತಿರುಗಿ ಬೀಳಬಹುದು, ಸತ್ತವರೂ ಇದ್ದಾರೆ. (ಜಾತ್ರೇಲಿ ಮಾರೋ ಬಲೂನು ಇನ್ನೂ ಕಷ್ಟ. ಅದರಲ್ಲಿ ಎಷ್ಟೋ ಸಲ ಇರೋದು ಹೀಲಿಯಂ ಅಲ್ಲ, ಹೈಡ್ರೋಜನ್. ಸಿಲಿಂಡರ್ ಸಿಡಿದ ಸುದ್ದಿ ಪೇಪರಿನಲ್ಲಿ ಓದಿರ್ತೀರ.) ಎರಡನೇ ಕಾರಣ ಚಿಕ್ಕಪ್ಪ. ಅವರು ಅಲ್ಲೇ ಸೋಫಾದ ಮೂಲೇಲಿ ಕೂತಿದ್ರು. ಆ ಬಾತುಕೋಳಿ ಧ್ವನಿ ಕೇಳಿ ಅವರೂ ನಗ್ತಾ ಇದ್ರು. ನನಗೆ ಮಾತ್ರ ನಗು ಬರಲಿಲ್ಲ.

2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ, ಚಿಕ್ಕಪ್ಪ 19 ದಿನ ವೆಂಟಿಲೇಟರಿನ ಮೇಲಿದ್ರು. ಬದುಕಿ ಬಂದ್ರು. ಆ ತಿಂಗಳು ಆ ಮಾತು ಹೇಳೋ ಅದೃಷ್ಟ ಎಷ್ಟು ಮನೆಗಿತ್ತು ಅಂತ ನಿಮಗೆ ಗೊತ್ತೇ ಇದೆ, ಅದರ ಬಗ್ಗೆ ಬರೆಯಲ್ಲ. ಬರೆಯಬೇಕಾಗಿರೋದು ಆಮೇಲಿನ ಕಥೆ. ಆಗಸ್ಟ್ ಹೊತ್ತಿಗೆ ಅವರು ಮೆಟ್ಟಿಲು ಹತ್ತಿದ್ರೆ ಉಸಿರಿನ ಜೊತೆ ಒಂದು ಸದ್ದು ಬರೋಕೆ ಶುರುವಾಯ್ತು. ಸಿಳ್ಳೆ ಅಲ್ಲ, ಗೊರಕೆಯೂ ಅಲ್ಲ, ಎರಡರ ಮಧ್ಯದ್ದು. ಊರಿನಲ್ಲಿ ತೋರಿಸಿದಾಗ ಆಸ್ತಮಾ ಅಂತ ಇನ್ಹೇಲರ್ ಕೊಟ್ರು. ಕಡಿಮೆ ಆಗಲಿಲ್ಲ. ಒಂದು ರಾತ್ರಿ ಕೂತಲ್ಲೇ ಉಸಿರೆಳೆಯೋಕೆ ಆಗದೆ ಬೆವೆತು ಹೋದ್ರು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಓಡಿದ್ವಿ. ಹೆಸರು ಬೇಡ.

ಅಲ್ಲಿ ಗೊತ್ತಾಗಿದ್ದು ಇಷ್ಟು: ವೆಂಟಿಲೇಟರಿನ ನಳಿಗೆ ತುಂಬಾ ದಿನ ಒತ್ತಿಕೊಂಡಿದ್ದ ಜಾಗದಲ್ಲಿ ಶ್ವಾಸನಾಳ ಗಾಯವಾಗಿ, ಗಾಯ ಮಾಗುವಾಗ ಸುತ್ತಲೂ ಗಡುಸಾಗಿ, ಹಾದಿ ಕಿರಿದಾಗಿಬಿಟ್ಟಿತ್ತು. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ರು, ಸ್ಟೀರಾಯ್ಡ್ ಚುಚ್ಚಿದ್ರು, ಅಡ್ರಿನಲಿನ್ ನೆಬ್ಯುಲೈಸ್ ಮಾಡಿದ್ರು. ಹಾದಿ ಹಿಗ್ಗಿಸೋ ತಜ್ಞರು ಮನೆಯಿಂದ ಬರಬೇಕಿತ್ತು. ಸುಮಾರು ಎರಡು ಗಂಟೆ. ಆ ಎರಡು ಗಂಟೆ ಚಿಕ್ಕಪ್ಪ ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ಮಂಚದ ಕಂಬಿ ಹಿಡಿದು, ಪ್ರತಿ ಉಸಿರನ್ನೂ ಬಾವಿಯಿಂದ ಕೊಡ ಸೇದಿದ ಹಾಗೆ ಸೇದುತ್ತಿದ್ರು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರ್, ನನ್ನ ವಯಸ್ಸಿನವನೇ ಇರಬೇಕು, ತನ್ನಷ್ಟಕ್ಕೆ ಅನ್ನೋ ಹಾಗೆ ಅಂದ: "ಹೀಲಿಯಾಕ್ಸ್ ಇದ್ದಿದ್ರೆ ಸ್ವಲ್ಪ ಆರಾಮ ಆಗ್ತಿತ್ತು. ನಮ್ಮಲ್ಲಿಲ್ಲ."

ನಾನು ಆ ಹೆಸರು ಕೇಳಿದ್ದು ಅದೇ ಮೊದಲು. ಕಾರಿಡಾರಿನಲ್ಲಿ ನಿಂತು ಮೊಬೈಲಿನಲ್ಲಿ ಹುಡುಕಿದೆ. ಹೀಲಿಯಂ ಮತ್ತು ಆಕ್ಸಿಜನ್ ಮಿಶ್ರಣ. ಬಲೂನಿನ ಅದೇ ಹೀಲಿಯಂ!

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಬರೆಯೋದು ಜಾವಾ. ಫ್ಲೂಯಿಡ್ ಮೆಕ್ಯಾನಿಕ್ಸ್ ಪೇಪರ್ ಮುಗಿದ ದಿನವೇ ಪುಸ್ತಕ ಜೂನಿಯರ್‌ಗೆ ಮಾರಿದ್ದೆ. ಆದ್ರೆ ಆ ರಾತ್ರಿ ರೆನಾಲ್ಡ್ಸ್ ಸಂಖ್ಯೆ ಎಲ್ಲಿಂದಲೋ ಎದ್ದು ಬಂತು. ಕೊಳವೆಯಲ್ಲಿ ಗಾಳಿ ಎರಡು ರೀತಿ ಹರಿಯುತ್ತೆ. ಒಂದು, ಪದರ ಪದರವಾಗಿ ಶಿಸ್ತಾಗಿ. ಇನ್ನೊಂದು, ಸುಳಿ ಸುತ್ತಿಕೊಂಡು ಗಲಾಟೆ ಮಾಡಿಕೊಂಡು. ಶಿಸ್ತಿನ ಹರಿವಿಗೆ ಅಡ್ಡಿಯಾಗೋದು ಗಾಳಿಯ ಸ್ನಿಗ್ಧತೆ, ಅಂದ್ರೆ ಅಂಟುತನ. ಗಲಾಟೆ ಹರಿವಿಗೆ ಅಡ್ಡಿಯಾಗೋದು ಅದರ ಸಾಂದ್ರತೆ, ಅಂದ್ರೆ ಭಾರ. ಕಿರಿದಾದ ಸಂದಿಯಲ್ಲಿ ನುಗ್ಗುವಾಗ ಹರಿವು ಗಲಾಟೆಯದ್ದೇ. ಚಿಕ್ಕಪ್ಪನ ಗಂಟಲಿಂದ ಬರ್ತಿದ್ದ ಆ ಸದ್ದು ಅದೇ ಗಲಾಟೆ.

ಈಗ ಲೆಕ್ಕ ನೋಡಿ. ಸಾಧಾರಣ ಗಾಳಿ ಲೀಟರಿಗೆ 1.29 ಗ್ರಾಂ. ಹೀಲಿಯಂ ಬರೀ 0.18 ಗ್ರಾಂ. 80 ಪಾಲು ಹೀಲಿಯಂ, 20 ಪಾಲು ಆಕ್ಸಿಜನ್ ಬೆರೆಸಿದ್ರೆ ಲೀಟರಿಗೆ 0.43, ಅಂದ್ರೆ ಗಾಳಿಯ ಮೂರನೇ ಒಂದು ಭಾಗ. ಸಂದಿಯಲ್ಲಿ ಹರಿವು ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮ. ಮೂರರ ವರ್ಗಮೂಲ 1.7. ಅಂದ್ರೆ ಅದೇ ಎದೆ, ಅದೇ ಶ್ರಮ, ಅದೇ ಕಿರಿದಾದ ಹಾದಿ, ಆದ್ರೆ ಒಳಗೆ ಹೋಗೋ ಗಾಳಿ ಹೆಚ್ಚು ಕಡಿಮೆ ಒಂದೂ ಮುಕ್ಕಾಲು ಪಟ್ಟು! ಇನ್ನೊಂದು ವಿಚಿತ್ರ: ಶುದ್ಧ ಆಕ್ಸಿಜನ್ ಗಾಳಿಗಿಂತ ಭಾರ, ಲೀಟರಿಗೆ 1.43 ಗ್ರಾಂ. ನಾವು ಮಾಸ್ಕಿನಲ್ಲಿ ಕೊಡ್ತಿದ್ದಿದ್ದು ಆ ಸಂದಿಯಲ್ಲಿ ನುಗ್ಗೋಕೆ ಇನ್ನಷ್ಟು ಕಷ್ಟದ ಗಾಳಿ. (ಆಕ್ಸಿಜನ್ ಕೊಟ್ಟಿದ್ದು ತಪ್ಪು ಅಂತಲ್ಲ. ರಕ್ತಕ್ಕೆ ಅದು ಬೇಕೇ ಬೇಕು. ದಯವಿಟ್ಟು ಯಾರೂ ಹಾಗೆ ಓದಿಕೊಳ್ಳಬೇಡಿ.)

ಇದೇನೂ ಹೊಸ ಜ್ಞಾನ ಅಲ್ಲ. ನ್ಯೂಯಾರ್ಕಿನ ಆಲ್ವನ್ ಬರಾಕ್ ಅನ್ನೋ ವೈದ್ಯರು ಹೀಲಿಯಂ ಬೆರೆಸಿದ ಆಕ್ಸಿಜನ್ನನ್ನ ಉಸಿರುಕಟ್ಟಿದ ರೋಗಿಗಳಿಗೆ ಕೊಟ್ಟು ಅದರ ಬಗ್ಗೆ ಬರೆದಿದ್ದು 1934ರಲ್ಲಿ. ಹೀಲಿಯಂ ಮನುಷ್ಯನ ಕಣ್ಣಿಗೆ ಬಿದ್ದ ಕಥೆಗೂ ನಮ್ಮ ಕಡೆಯದೊಂದು ನಂಟಿದೆ. 1868ರ ಆಗಸ್ಟ್ 18ರ ಸೂರ್ಯಗ್ರಹಣ ನೋಡೋಕೆ ಫ್ರಾನ್ಸಿನ ಜಾನ್ಸೆನ್ ಬಂದಿದ್ದು ಪಕ್ಕದ ಗುಂಟೂರಿಗೆ. ಅದೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಸೂರ್ಯನ ಬೆಳಕಿನಲ್ಲಿ ಗೊತ್ತಿರೋ ಯಾವ ಧಾತುವಿಗೂ ಸೇರದ ಒಂದು ಹಳದಿ ಗೆರೆ ಗುರುತಿಸಿದ. ಸೂರ್ಯನ ಗ್ರೀಕ್ ಹೆಸರೇ ಅದಕ್ಕೂ ಬಂತು. ಭೂಮಿ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ, ವಿಲಿಯಂ ರ್‍ಯಾಮ್ಸೇಗೆ. ಈ ರ್‍ಯಾಮ್ಸೇ ಇನ್ನೊಂದು ಸಲ ಬರ್ತಾನೆ, ನೆನಪಿಟ್ಟುಕೊಳ್ಳಿ.

ಹೀಲಿಯಾಕ್ಸ್ ಏನೂ ವಾಸಿ ಮಾಡಲ್ಲ. ಇದನ್ನ ಮೊದಲೇ ಹೇಳಿಬಿಡಬೇಕು. ಅದು ಜಡಾನಿಲ, ಯಾರ ಗೊಡವೆಗೂ ಹೋಗಲ್ಲ. ಊತ ಇಳಿಸಲ್ಲ, ಹಾದಿ ಹಿಗ್ಗಿಸಲ್ಲ, ಸೋಂಕು ಕೊಲ್ಲಲ್ಲ. ಮಾಸ್ಕ್ ತೆಗೆದ ಮರುಕ್ಷಣ ಮತ್ತೆ ಅದೇ ಕಷ್ಟ. ಅದು ಕೊಡೋದು ಒಂದೇ: ಸಮಯ. ಸ್ಟೀರಾಯ್ಡ್ ಕೆಲಸ ಶುರು ಮಾಡೋಕೆ ಗಂಟೆಗಟ್ಟಲೆ ಬೇಕು. ತಜ್ಞರು ಟ್ರಾಫಿಕ್ ದಾಟಿ ಬರೋಕೂ ಬೇಕು. ಹೀಲಿಯಾಕ್ಸ್ ಕೆಲಸ ಮಾಡೋದಿದ್ರೆ ಕೆಲವೇ ಉಸಿರಿನಲ್ಲಿ ಗೊತ್ತಾಗುತ್ತೆ. ಎದೆಯ ಸ್ನಾಯುಗಳು ಸುಸ್ತಾಗಿ ಕೈ ಚೆಲ್ಲೋದನ್ನ ಅದು ಮುಂದೂಡುತ್ತೆ, ಅಷ್ಟೇ.

ಎಲ್ಲ ಉಸಿರಾಟದ ತೊಂದರೆಗೂ ಅಲ್ಲ, ಅದೂ ನಿಜ. ಆಸ್ತಮಾದಲ್ಲಿ ಅಡಚಣೆ ಇರೋದು ಮುಖ್ಯವಾಗಿ ಸಣ್ಣ ಸಣ್ಣ ಕವಲುಗಳಲ್ಲಿ. ಅಲ್ಲಿ ಹರಿವು ಶಿಸ್ತಿನದ್ದು. ಸಾಂದ್ರತೆ ಕಡಿಮೆ ಮಾಡಿ ಹೆಚ್ಚು ಉಪಯೋಗ ಇಲ್ಲ, ಸ್ನಿಗ್ಧತೆಯಲ್ಲಿ ಹೀಲಿಯಂ ಗಾಳಿಗಿಂತ ಒಂದು ಕೈ ಮೇಲೇ. ಹಾಗಾಗಿ ಆಸ್ತಮಾ ರೋಗಿಗಳ ಮೇಲಿನ ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದವರು, ಎಲ್ಲರಿಗೂ ಕೊಡಿ ಅನ್ನೋಷ್ಟು ಆಧಾರ ಇಲ್ಲ, ತೀರಾ ತೀವ್ರವಾದವರಿಗೆ ಉಪಯೋಗ ಆಗಬಹುದು ಅಂದಿದ್ದಾರೆ. ಸಿಓಪಿಡಿ ರೋಗಿಗಳ ಮೇಲೆ ಹಲವು ದೇಶಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಹೇಳಿಕೊಳ್ಳೋ ಲಾಭ ಕಾಣಲಿಲ್ಲ. ಶ್ವಾಸನಾಳದ ಮೇಲ್ಭಾಗದ ಅಡಚಣೆ ಮಾತ್ರ ಬೇರೆ ಥರ. ಅಲ್ಲಿ ಸಾವಿರಾರು ಜನರ ಮೇಲಿನ ಅಧ್ಯಯನ ಇಲ್ಲ, ಮಾಡೋದೂ ಕಷ್ಟ (ಉಸಿರುಗಟ್ಟಿ ಬಂದವನ ಹತ್ತಿರ ನಾಣ್ಯ ಚಿಮ್ಮಿ ಗುಂಪು ಹಂಚೋಕಾಗುತ್ತಾ?). ಆದ್ರೆ ಭೌತಶಾಸ್ತ್ರ ಅಷ್ಟು ನೇರವಾಗಿ ನಮ್ಮ ಪರ ಇರೋ ಜಾಗ ವೈದ್ಯಕೀಯದಲ್ಲಿ ಕಡಿಮೆ.

ಆ ರಾತ್ರಿ ನನಗೆ ಬಂದಿದ್ದು ಸಿಟ್ಟು. ಕಾರಣ, ಲಿಫ್ಟಿನ ಪಕ್ಕದಲ್ಲಿದ್ದ ಬೋರ್ಡು: ಎಂಆರ್‌ಐ, ಬೇಸ್‌ಮೆಂಟ್, ಬಾಣದ ಗುರುತು. ಹಳೇ ಮಾದರಿಯ ಒಂದು ಎಂಆರ್‌ಐ ಅಯಸ್ಕಾಂತವನ್ನ ತಣ್ಣಗಿಡೋಕೆ ಅದರ ಹೊಟ್ಟೆ ಒಳಗೆ ಸಾವಿರ ಲೀಟರಿಗೂ ಮೇಲೆ ದ್ರವ ಹೀಲಿಯಂ ಇರುತ್ತೆ. ಒಂದು ಲೀಟರ್ ದ್ರವ ಆವಿಯಾದ್ರೆ ಸುಮಾರು 750 ಲೀಟರ್ ಅನಿಲ. ಸಾವಿರ ಲೀಟರ್ ಅಂತಲೇ ಇಟ್ಕೊಳ್ಳಿ, ಏಳೂವರೆ ಲಕ್ಷ ಲೀಟರ್. ಒಬ್ಬ ರೋಗಿಗೆ ನಿಮಿಷಕ್ಕೆ ಹತ್ತು ಲೀಟರ್ ಹೀಲಿಯಂ ಅಂದ್ರೂ 75,000 ನಿಮಿಷ, 52 ದಿನ. ನನ್ನ ಚಿಕ್ಕಪ್ಪ ಎರಡು ಗಂಟೆಗೆ ಒದ್ದಾಡ್ತಿದ್ದ ಕಟ್ಟಡದ ತಳದಲ್ಲಿ ಐವತ್ತೆರಡು ದಿನದ ಹೀಲಿಯಂ ಮಲಗಿದೆ! ಅದನ್ನ ಪೈಪ್ ಹಾಕಿ ಮೇಲಕ್ಕೆ ತರೋಕಾಗಲ್ಲ, ಅದು ಉಸಿರಾಟಕ್ಕೆ ತಯಾರಿಸಿದ್ದಲ್ಲ, ಅದನ್ನ ತೆಗೆದ್ರೆ ಕೋಟಿಗಟ್ಟಲೆ ಬೆಲೆಯ ಯಂತ್ರ ಕೆಲಸಕ್ಕೆ ಬರಲ್ಲ, ಎಲ್ಲಾ ಗೊತ್ತು. ಗೊತ್ತಿದ್ರೂ ಸಿಟ್ಟು ಬರುತ್ತೆ ಅಲ್ವಾ?

ಆಮೇಲೆ ತಣ್ಣಗೆ ಕೂತು ಓದಿದಾಗ ಆಸ್ಪತ್ರೆಗಳು ಯಾಕೆ ಇಟ್ಟಿರಲ್ಲ ಅಂತಲೂ ಅರ್ಥ ಆಯ್ತು. ಇಂಥ ರೋಗಿ ಯಾವಾಗಲೋ ಒಮ್ಮೆ ಬರ್ತಾನೆ. ಸಿಲಿಂಡರ್ ದುಬಾರಿ, ದೊಡ್ಡದೊಂದು ತಂದ್ರೂ ಕೆಲವು ಗಂಟೆ ಮಾತ್ರ. ಹೀಲಿಯಂ ನೆಲದೊಳಗಿನ ನೈಸರ್ಗಿಕ ಅನಿಲದ ಜೊತೆ ಸಿಗೋದು, ನಾವು ಆಮದು ಮಾಡಿಕೊಳ್ತೀವಿ. ರೋಗಿಗೆ ಶೇಕಡಾ 40ಕ್ಕಿಂತ ಹೆಚ್ಚು ಆಕ್ಸಿಜನ್ ಬೇಕಾದ್ರೆ ಹೀಲಿಯಂಗೆ ಜಾಗವೇ ಉಳಿಯಲ್ಲ, ಲಾಭ ಕರಗುತ್ತೆ. ಚಿಕ್ಕಪ್ಪನ ಶ್ವಾಸಕೋಶ ಕೋವಿಡ್ಡಿನಿಂದ ಅರ್ಧ ಹಾಳಾಗಿತ್ತು, ಹಾಗಾಗಿ ಸಿಲಿಂಡರ್ ಇದ್ದಿದ್ರೂ ಅವರಿಗೆ ಎಷ್ಟು ಉಪಯೋಗ ಆಗ್ತಿತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ಜೊತೆಗೆ ಕೊಡೋಕೆ ಕೈ ಪಳಗಿರಬೇಕು. ಒಂದು ಉದಾಹರಣೆ: ಗೋಡೆ ಮೇಲಿನ ಆಕ್ಸಿಜನ್ ಫ್ಲೋಮೀಟರ್‌ಗೆ ಹೀಲಿಯಾಕ್ಸ್ ಜೋಡಿಸಿದ್ರೆ ಅದು ಸುಳ್ಳು ಹೇಳುತ್ತೆ. 80-20 ಮಿಶ್ರಣಕ್ಕೆ ಅದು ತೋರಿಸೋ ಅಂಕಿಯನ್ನ 1.8ರಿಂದ ಗುಣಿಸಬೇಕು, 70-30 ಆದ್ರೆ 1.6ರಿಂದ. ಇದನ್ನ ಓದಿದಾಗ ನನಗೆ ಒಂದು ಥರ ಖುಷಿ ಆಯ್ತು. ಯಾಕಂದ್ರೆ ಅದು ಅದೇ ವರ್ಗಮೂಲ! ಆಕ್ಸಿಜನ್ನಿನ 1.43ನ್ನ 0.43ರಿಂದ ಭಾಗಿಸಿ ವರ್ಗಮೂಲ ತೆಗೀರಿ, 1.8 ಬರುತ್ತೆ. ಗಂಟಲಿನ ಸಂದಿಗೂ ಗೋಡೆಯ ಮೀಟರಿಗೂ ಒಂದೇ ಸೂತ್ರ.

ಇಷ್ಟೆಲ್ಲ ಗೊತ್ತಾದ್ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಪ್ರತಿ ನರ್ಸಿಂಗ್ ಹೋಮಿನಲ್ಲೂ ಇರಲಿ ಅಂತ ಕೇಳ್ತಿಲ್ಲ. ಆದ್ರೆ ರಾತ್ರೋರಾತ್ರಿ ಇಡೀ ಜಿಲ್ಲೆಗಳಿಂದ ಉಸಿರುಗಟ್ಟಿದವರನ್ನ ಕಳಿಸೋದು ಯಾವ ದೊಡ್ಡ ಆಸ್ಪತ್ರೆಗಳಿಗೋ, ಅಂಥ ಕಡೆ ಒಂದೆರಡು ಸಿಲಿಂಡರ್, ಸರಿಯಾದ ಮೀಟರ್, ಅದನ್ನ ಬಳಸೋಕೆ ಗೊತ್ತಿರೋ ಇಬ್ಬರು ಇರಲೇಬೇಕು. ನಗರಕ್ಕೆ ನಾಲ್ಕು ಕಡೆ ಇದ್ರೂ ಸಾಕು, ಎಲ್ಲಿದೆ ಅಂತ ಉಳಿದವರಿಗೆ ಗೊತ್ತಿದ್ರೆ. ವರ್ಷಕ್ಕೆ ಹತ್ತು ಜನಕ್ಕೆ ಬೇಕಾಗಬಹುದು, ಆ ಹತ್ತು ಜನಕ್ಕೆ ಬೇರೇನೂ ಇರಲ್ಲ. ಬೆಂಕಿ ಆರಿಸೋ ಸಿಲಿಂಡರ್ ಇಡುವಾಗ ನಾವು ಹೀಗೆ ಲಾಭ ನಷ್ಟ ನೋಡಲ್ಲ ತಾನೇ?

ಆ ರಾತ್ರಿ ಚಿಕ್ಕಪ್ಪ ತಪ್ಪಿಸಿಕೊಂಡ್ರು. ತಜ್ಞರು ಬಂದು ಗಟ್ಟಿ ನಳಿಗೆ ಇಳಿಸಿ ಹಾದಿ ಹಿಗ್ಗಿಸಿದ್ರು. ಒಳಗೆ ಬೆಳೆದಿದ್ದ ಹಸಿ ಮಾಂಸವನ್ನ ಸುಟ್ಟಿದ್ದು ಆರ್ಗಾನ್ ಪ್ಲಾಸ್ಮಾ ಅನ್ನೋ ಸಾಧನದಿಂದ. ಆರ್ಗಾನ್ ಅಂದ್ರೆ ಗ್ರೀಕಿನಲ್ಲಿ ಸೋಮಾರಿ ಅಂತ ಅರ್ಥ. ಇನ್ನೊಂದು ಜಡಾನಿಲ. ಯಾವುದರ ಜೊತೆಗೂ ಸೇರದ ಸೋಮಾರಿ, ವಿದ್ಯುತ್ ಹಾಯಿಸಿದ್ರೆ ಮಾತ್ರ ಮಿಂಚಿನ ಹಾಗೆ ಕೆಲಸ ಮಾಡುತ್ತೆ. (ನಮ್ಮ ಟೀಮಿನಲ್ಲೂ ಒಬ್ಬ ಇದ್ದಾನೆ, ಅಪ್ರೈಸಲ್ ಹತ್ತಿರ ಬಂದಾಗ ಮಾತ್ರ :-))

ಆದ್ರೆ ಹಿಗ್ಗಿಸಿದ ಹಾದಿ ಮತ್ತೆ ಕುಗ್ಗುತ್ತೆ. ಅಕ್ಟೋಬರಿನಲ್ಲಿ ಎರಡನೇ ಸಲ ಮಾಡಬೇಕಾಯ್ತು. ಅಷ್ಟರಲ್ಲಿ ನಾನು ಜಡಾನಿಲಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿ ಅರ್ಧ ಡಾಕ್ಟರ್ ಆಗಿದ್ದೆ. ಸಾಫ್ಟ್‌ವೇರ್‌ನವರ ಜಾಯಮಾನ ಗೊತ್ತಲ್ಲ, ನಾಲ್ಕು ಪೇಜ್ ಓದಿದ್ರೆ ಆರ್ಕಿಟೆಕ್ಟ್. ನನ್ನ ತಲೆಗೆ ಹೊಕ್ಕಿದ್ದು ಕ್ಸೆನಾನ್.

ಕ್ಸೆನಾನ್ ಅಂದ್ರೆ ಅಪರಿಚಿತ, ಪರದೇಶಿ. 1898ರಲ್ಲಿ ಅದನ್ನ ಕಂಡುಹಿಡಿದಿದ್ದು ಅದೇ ರ್‍ಯಾಮ್ಸೇ ಮತ್ತು ಅವನ ಶಿಷ್ಯ ಮೋರಿಸ್ ಟ್ರಾವರ್ಸ್. ಬೆಂಗಳೂರಿಗರು ಈ ಎರಡು ಹೆಸರನ್ನ ಮರೀಬಾರದು. 1900ರಲ್ಲಿ ಜೆಮ್ಶೆಡ್ಜಿ ಟಾಟಾ ಕನಸಿನ ವಿಜ್ಞಾನ ಸಂಸ್ಥೆಗೆ ಜಾಗ ಸೂಚಿಸೋಕೆ ಭಾರತ ಸುತ್ತಿದ ರ್‍ಯಾಮ್ಸೇ ಬೆಂಗಳೂರು ಸರಿ ಅಂದ. ಆ ಸಂಸ್ಥೆಯ ಮೊದಲ ನಿರ್ದೇಶಕನಾಗಿ ಬಂದವನು ಟ್ರಾವರ್ಸ್, 1914ರವರೆಗೆ ಇಲ್ಲೇ ಇದ್ದ. ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆದು ಬಸ್ ಇಳಿಯೋ ಆ ಜಾಗವನ್ನ ಕಟ್ಟಿ ನಿಲ್ಲಿಸಿದ್ದು ಕ್ಸೆನಾನ್ ಹಿಡಿದ ಕೈಗಳು.

ಗಾಳಿಯಲ್ಲಿ ಕ್ಸೆನಾನ್ ಇರೋದು ಒಂದು ಕೋಟಿ ಪಾಲಿನಲ್ಲಿ ಒಂದು ಪಾಲೂ ಇಲ್ಲ. ಯಾವುದರ ಜೊತೆಗೂ ಸುಲಭಕ್ಕೆ ಸೇರದ ಈ ಅನಿಲ ಮನುಷ್ಯನನ್ನ ಮಲಗಿಸುತ್ತೆ! ನನಗೆ ಇವತ್ತಿಗೂ ಬೆರಗು ಇದೇ. 1951ರಲ್ಲಿ ಅಮೆರಿಕದ ಕಲ್ಲನ್ ಮತ್ತು ಗ್ರಾಸ್ ಅನ್ನೋ ಇಬ್ಬರು 81 ವರ್ಷದ ಒಬ್ಬ ಮುದುಕನಿಗೆ ಕ್ಸೆನಾನ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿಸಿದ್ರು. ರಾಸಾಯನಿಕ ಕ್ರಿಯೆ ಇಲ್ಲದೆ ಮೆದುಳು ಹೇಗೆ ಮಂಕಾಗುತ್ತೆ? 1998ರಲ್ಲಿ ಲಂಡನ್ನಿನ ಸಂಶೋಧಕರು ತೋರಿಸಿದ ಪ್ರಕಾರ ಎನ್‌ಎಂಡಿಎ ಅನ್ನೋ ಗ್ರಾಹಕಗಳನ್ನ ಅದು ಅಡ್ಡಗಟ್ಟುತ್ತೆ. ಬಂಧ ಬೆಸೆಯಲ್ಲ, ಸುಮ್ಮನೆ ಆ ಪ್ರೋಟೀನಿನ ಪೊಟರೆಯಲ್ಲಿ ಹೋಗಿ ಕೂರುತ್ತೆ. ಬಾಗಿಲಲ್ಲಿ ಕೂತ ಅಪರಿಚಿತ. ರಕ್ತದಲ್ಲಿ ತುಂಬಾ ಕಡಿಮೆ ಕರಗೋದ್ರಿಂದ ನಿಲ್ಲಿಸಿದ ಕೂಡಲೇ ರೋಗಿ ಎಚ್ಚರ ಆಗ್ತಾನೆ. ರಕ್ತದೊತ್ತಡ ಏರುಪೇರಾಗೋದು ಕಡಿಮೆ. ಲಿವರ್, ಕಿಡ್ನಿಗೆ ಕೆಲಸ ಇಲ್ಲ, ಹೋದ ಹಾಗೇ ವಾಪಸ್ ಬರುತ್ತೆ. ಹವಾಮಾನಕ್ಕೂ ತೊಂದರೆ ಇಲ್ಲ. ಡೆಸ್‌ಫ್ಲುರೇನ್ ಅನ್ನೋ ಅರಿವಳಿಕೆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಎರಡು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತೆ ಅಂತ ಯುರೋಪಿನ ಒಕ್ಕೂಟ 2026ರ ಜನವರಿ 1ರಿಂದ, ತೀರಾ ಅನಿವಾರ್ಯ ಇದ್ರೆ ಹೊರತು, ಅದನ್ನ ನಿಷೇಧಿಸಿದೆ. ಕ್ಸೆನಾನ್ ಬಂದಿದ್ದೂ ಗಾಳಿಯಿಂದ, ಹೋಗೋದೂ ಗಾಳಿಗೆ. ಜರ್ಮನಿಯಲ್ಲಿ 2005ರಲ್ಲೇ ಅದನ್ನ ಅರಿವಳಿಕೆಗೆ ಒಪ್ಪಿದ್ರು.

ವೆಂಟಿಲೇಟರಿನಿಂದ ಇಳಿದ ಮೇಲೆ ಚಿಕ್ಕಪ್ಪ ಒಂದು ವಾರ ಯಾರನ್ನೂ ಗುರುತು ಹಿಡಿದಿರಲಿಲ್ಲ, ಗೋಡೆ ಮೇಲೆ ಇಲಿ ಓಡ್ತಿದೆ ಅಂತಿದ್ರು. ಮತ್ತೆ ಅರಿವಳಿಕೆ ಅಂದ್ರೆ ಚಿಕ್ಕಮ್ಮನಿಗೆ ಅದೇ ಭಯ. ಕ್ಸೆನಾನ್ ಮೆದುಳನ್ನ ಕಾಪಾಡುತ್ತೆ ಅಂತ ನಾನು ಓದಿದ್ದೆ. ಸರಿ, ಎರಡನೇ ಸಲದ ಹಿಂದಿನ ದಿನ ಅರಿವಳಿಕೆ ತಜ್ಞೆ ಬಂದಾಗ ಕೇಳೇಬಿಟ್ಟೆ. "ಮೇಡಂ, ಕ್ಸೆನಾನ್ ಯಾಕೆ ಪ್ರಯತ್ನಿಸಬಾರದು?"

ಅವರು ನಗಲಿಲ್ಲ, ಅದಕ್ಕೆ ಅವರ ಮೇಲೆ ಗೌರವ. ಹಾಸಿಗೆ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತು ಕೇಳಿದ್ರು: "ಇಂಜಿನಿಯರ್ ಅಲ್ವಾ ನೀವು? ಕ್ಸೆನಾನ್ ಸಾಂದ್ರತೆ ಎಷ್ಟು?"

ಲೀಟರಿಗೆ 5.9 ಗ್ರಾಂ. ಗಾಳಿಯ ನಾಲ್ಕೂವರೆ ಪಟ್ಟು. ನಿದ್ದೆ ಬರಬೇಕಾದ್ರೆ ಉಸಿರಿನಲ್ಲಿ ಅದು ಶೇಕಡಾ 65ರ ಆಸುಪಾಸು ಇರಬೇಕು. ಆ ಮಿಶ್ರಣ ಗಾಳಿಯ ಮೂರು ಪಟ್ಟಿಗೂ ಹೆಚ್ಚು ಭಾರ. ಅಂದ್ರೆ... ನನ್ನದೇ ವರ್ಗಮೂಲ, ತಿರುಗುಮುರುಗು. ಹೀಲಿಯಾಕ್ಸ್ ಎಷ್ಟು ಪಟ್ಟು ಸುಲಭ ಮಾಡ್ತಿತ್ತೋ ಕ್ಸೆನಾನ್ ಅಷ್ಟೇ ಪಟ್ಟು ಕಷ್ಟ ಮಾಡುತ್ತೆ. ಮೂರು ತಿಂಗಳಿಂದ ಸಿಕ್ಕಸಿಕ್ಕವರಿಗೆಲ್ಲ ಆ ಸೂತ್ರ ಕೊರೆದಿದ್ದ ನಾನು, ಕಿರಿದಾದ ಶ್ವಾಸನಾಳದ ಮನುಷ್ಯನಿಗೆ ಅತಿ ಭಾರದ ಗಾಳಿ ಕೊಡಿ ಅಂತ ಕೇಳ್ತಾ ನಿಂತಿದ್ದೆ! ಸಾಲದು ಅಂತ, ಆ ಮಿಶ್ರಣದಲ್ಲಿ ಆಕ್ಸಿಜನ್ನಿಗೆ ಉಳಿಯೋದು ಮೂರನೇ ಒಂದು ಪಾಲು. ಆಮೇಲೆ ಅವರು ಹೇಳಿದ್ರು, ಗಟ್ಟಿ ನಳಿಗೆ ಇಳಿಸಿ ಮಾಡುವಾಗ ಹಾದಿ ತೆರೆದೇ ಇರುತ್ತೆ, ಯಾವ ಅನಿಲ ಕೊಟ್ರೂ ಕೋಣೆ ಪಾಲು, ಹಾಗಾಗಿ ರಕ್ತನಾಳಕ್ಕೆ ಪ್ರೊಪೊಫಾಲ್ ಹರಿಸ್ತೀವಿ. ಅಷ್ಟಕ್ಕೇ ಬಿಡದೆ, "ಮೆದುಳಿನ ವಿಷಯ 2018ರ ಅಧ್ಯಯನ ಓದಿ ನೋಡಿ" ಅಂದ್ರು.

ಓದಿದೆ. ಸೊಂಟದ ಮೂಳೆ ಮುರಿದ 256 ವೃದ್ಧರ ಮೇಲೆ ಮಾಡಿದ್ದು. ಶಸ್ತ್ರಚಿಕಿತ್ಸೆ ಆದ್ಮೇಲೆ ಗೊಂದಲಕ್ಕೆ ಬಿದ್ದವರು ಕ್ಸೆನಾನ್ ಪಡೆದವರಲ್ಲಿ ಶೇಕಡಾ 9.7, ಸೆವೊಫ್ಲುರೇನ್ ಪಡೆದವರಲ್ಲಿ 13.6. ಕಡಿಮೆ ಕಾಣುತ್ತೆ, ಆದ್ರೆ ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು ಅಂತ ಅವರೇ ಒಪ್ಪಿದ್ದಾರೆ. 2016ರಲ್ಲಿ ಎರಡು ಬಂದಿದ್ದವು. ಬ್ರಿಟನ್ನಿನಲ್ಲಿ ಹುಟ್ಟುವಾಗ ಉಸಿರುಕಟ್ಟಿದ 92 ಹಸುಗೂಸುಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಮೈ ತಣ್ಣಗಿಡೋ ಚಿಕಿತ್ಸೆಗೆ ಕ್ಸೆನಾನ್ ಸೇರಿಸಿ ಲಾಭ ಕಾಣಲಿಲ್ಲ. ಫಿನ್ಲೆಂಡಿನಲ್ಲಿ ಹೃದಯ ನಿಂತು ಕೋಮಾಕ್ಕೆ ಹೋದ 110 ಜನರಲ್ಲಿ ಮೆದುಳಿನ ಸ್ಕ್ಯಾನ್ ಮಾತ್ರ ಚೆನ್ನಾಗಿ ಬಂತು, ಆರು ತಿಂಗಳಾದ್ಮೇಲೆ ಬದುಕಿದವರ ಲೆಕ್ಕದಲ್ಲಿ ಖಚಿತ ಅನ್ನೋ ವ್ಯತ್ಯಾಸ ಇರಲಿಲ್ಲ. ಇದನ್ನೆಲ್ಲ ಮಾಡಿ, ಲಾಭ ಸಿಗಲಿಲ್ಲ ಅಂತ ಬರೆದು ಪ್ರಕಟಿಸಿದ ಜನರ ಬಗ್ಗೆ ನನಗೆ ಗೌರವ ಇದೆ. ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಅಷ್ಟು ಪ್ರಾಮಾಣಿಕತೆ ನಾನು ಕಂಡಿಲ್ಲ.

ಹಾಗಾಗಿ ಕ್ಸೆನಾನ್ ಬಗ್ಗೆ ನನ್ನ ಅಭಿಪ್ರಾಯ: ಸದ್ಯಕ್ಕೆ ನಮಗೆ ಬೇಡ. ಅದ್ಭುತ ಅನಿಲ, ಸಂಶೋಧನೆ ಮುಂದುವರಿಯಲಿ. ಆದ್ರೆ ಅದೇ ದುಡ್ಡಿನಲ್ಲಿ ಸಾಧಾರಣ ಅರಿವಳಿಕೆಯನ್ನ ಸರಿಯಾಗಿ ಕೊಡೋ ಒಬ್ಬ ತಜ್ಞರನ್ನ ತಾಲ್ಲೂಕು ಆಸ್ಪತ್ರೆಗೆ ಕೊಟ್ರೆ ಹೆಚ್ಚು ಜೀವ ಉಳಿಯುತ್ತೆ. ಅಲ್ಲದೆ ಕ್ಸೆನಾನಿಗೆ ಬೇರೆ ಗಿರಾಕಿಗಳಿದ್ದಾರೆ. ಚಿಪ್ ತಯಾರಕರು, ಉಪಗ್ರಹದವರು. ನಮ್ಮ ಇಸ್ರೋ 2017ರಲ್ಲಿ ಹಾರಿಸಿದ ಜಿಸ್ಯಾಟ್-9ರ ವಿದ್ಯುತ್ ಇಂಜಿನ್ನಿಗೂ ಕ್ಸೆನಾನೇ ಇಂಧನ.

ಹೊಸ ಗಿರಾಕಿಗಳೂ ಬಂದಿದ್ದಾರೆ, ಎವರೆಸ್ಟ್ ಹತ್ತೋರು. 2025ರ ಮೇ ತಿಂಗಳಲ್ಲಿ ನಾಲ್ವರು ಬ್ರಿಟಿಷರು ಲಂಡನ್ ಬಿಟ್ಟು ಒಂದು ವಾರದೊಳಗೆ ಶಿಖರ ಮುಟ್ಟಿದ್ರು. ಅದಕ್ಕೂ ಮೊದಲು ಜರ್ಮನಿಯಲ್ಲಿ ಕ್ಸೆನಾನ್ ಉಸಿರಾಡಿದ್ರಂತೆ. ಅದು ಎರಿಥ್ರೊಪೊಯೆಟಿನ್ ಹೆಚ್ಚಿಸಿ ಎತ್ತರಕ್ಕೆ ಮೈಯನ್ನ ಒಗ್ಗಿಸುತ್ತೆ ಅನ್ನೋದು ವಾದ. ಅದೇ ಜನ ವಾರಗಟ್ಟಲೆ ಕಡಿಮೆ ಆಕ್ಸಿಜನ್ನಿನ ಡೇರೆಯಲ್ಲೂ ಮಲಗಿದ್ರು, ಬೆಟ್ಟದ ಮೇಲೆ ಆಕ್ಸಿಜನ್ ಸಿಲಿಂಡರೂ ಬಳಸಿದ್ರು. ಮೂರು ವೇರಿಯಬಲ್ ಒಟ್ಟಿಗೆ ಬದಲಾಯಿಸಿ ಒಂದಕ್ಕೆ ಕ್ರೆಡಿಟ್ ಕೊಡೋದನ್ನ ನಮ್ಮ ಕಡೆ ಡೀಬಗ್ಗಿಂಗ್ ಅನ್ನಲ್ಲ! ಪರ್ವತಾರೋಹಿಗಳ ಅಂತರರಾಷ್ಟ್ರೀಯ ಒಕ್ಕೂಟದ ವೈದ್ಯಕೀಯ ಸಮಿತಿ ಅದೇ ವರ್ಷದ ಜನವರಿಯಲ್ಲೇ ಇದಕ್ಕೆ ಆಧಾರ ಇಲ್ಲ, ಅಪಾಯ ಇರಬಹುದು ಅಂದಿತ್ತು. ಕ್ರೀಡೆಯಲ್ಲಂತೂ ಕ್ಸೆನಾನ್ 2014ರಿಂದಲೇ ನಿಷಿದ್ಧ. ಶಿಖರ ಮುಟ್ಟೋ ಆತುರದವರಿಗೆ ಕ್ಸೆನಾನ್ ಸಿಗುತ್ತೆ, ಮಕ್ಕಳ ಕೇಕಿನ ಮೇಲೆ ತೇಲೋಕೆ ಹೀಲಿಯಂ ಸಿಗುತ್ತೆ, ಕಂಬಿ ಹಿಡಿದು ಕೂತ ಮನುಷ್ಯನಿಗೆ ಎರಡು ಗಂಟೆಗೆ ಸಿಗಲ್ಲ. ಬಲೂನು ನಿಲ್ಲಿಸಿದ್ರೆ ಆಸ್ಪತ್ರೆಗೆ ಬಂದುಬಿಡುತ್ತೆ ಅನ್ನೋ ಭ್ರಮೆ ನನಗಿಲ್ಲ. ಹಾಗಂತ ಬಲೂನ್ ನೋಡಿ ನಗೋಕೂ ಆಗಲ್ಲ.

ಚಿಕ್ಕಪ್ಪನಿಗೆ ಕೊನೆಗೆ ಆ ಕಿರಿದಾದ ಭಾಗವನ್ನೇ ಕತ್ತರಿಸಿ ತೆಗೆದು ಜೋಡಿಸಿದ್ರು. ಈಗ ಮೆಟ್ಟಿಲು ಹತ್ತುತ್ತಾರೆ. ಅಂಗಡಿಯ ಆಚೆ ಬದಿಯಿಂದ ಕೂಗಿ ಕರೀತಿದ್ದ ಧ್ವನಿ ಮಾತ್ರ ವಾಪಸ್ ಬರಲಿಲ್ಲ, ಪಿಸುಮಾತಿಗಿಂತ ಸ್ವಲ್ಪ ಮೇಲೆ ಅಷ್ಟೇ. ಭಾನುವಾರ ಎಲ್ಲರೂ ಹೋದ್ಮೇಲೆ ನನ್ನನ್ನ ಹತ್ತಿರ ಕರೆದು, ಪುಟ್ಟಿಗೆ ಹೋಗಿ ಸಾರಿ ಕೇಳು ಅಂದ್ರು. ಕೇಳಿದೆ. ಬಲೂನ್ ಎಳೀಬಾರದು ಯಾಕೆ ಅಂತಲೂ ಹೇಳಿದೆ. ವರ್ಗಮೂಲ ಹೇಳಲಿಲ್ಲ.

ಇದನ್ನ ಓದೋರಲ್ಲಿ ಡಾಕ್ಟರುಗಳಿದ್ದೀರ ಅಂತ ಗೊತ್ತು, ಒಬ್ಬಿಬ್ಬರು ಹಿಂದೆ ಕಾಮೆಂಟ್ ಹಾಕಿದ್ರಿ. ನಿಮ್ಮ ಆಸ್ಪತ್ರೆಯಲ್ಲಿ ಹೀಲಿಯಾಕ್ಸ್ ಇದೆಯಾ? ಕೊನೇ ಸಲ ಯಾವಾಗ ಬಳಸಿದ್ರಿ? ಮೇಲೆ ಬರೆದಿದ್ದರಲ್ಲಿ ತಪ್ಪಿದ್ರೆ ಮುಲಾಜಿಲ್ಲದೆ ತಿದ್ದಿ. ಒಂದು ಸಲ ಸ್ಟೂಲ್ ಎಳೆದುಕೊಂಡು ತಿದ್ದಿಸಿಕೊಂಡಾಗಿದೆ, ಇನ್ನೊಂದು ಸಲಕ್ಕೆ ನಾಚಿಕೆ ಏನಿಲ್ಲ.